ಅತ್ತವರಿಗೆ ಊಟ

ಕಲೆ ಇದ್ದರೆ ಕಲೆ ಅನ್ನಿ, ಹರಿದಿದ್ದರೆ ಹರಿದಿದೆ ಅನ್ನಿ, ಇಲಿ ತಿಂದಿದ್ದರೆ ಎಷ್ಟು ತಿಂದಿದೆ ಎಂದು ಸ್ಕೇಲು ಇಟ್ಟು ತೋರಿಸಿ. 'ಹಳೇ ಚಿತ್ರಕತೆ ಬಳಗ' ಎಂಬ ವಾಟ್ಸಾಪ್ ಗುಂಪಿನ ಮೊದಲನೆಯ ನಿಯಮ ಇದು. ಬರೆದವನು ಮುರಳಿಮೋಹನ್. ಗುಂಪು ಕಟ್ಟಿದವನೂ ಅವನೇ. ನಾನೂರು ಚಿಲ್ಲರೆ ಸದಸ್ಯರು, ಬಹುಪಾಲು ಐವತ್ತರ ಆಸುಪಾಸಿನವರು. ಚಿಕ್ಕಂದಿನಲ್ಲಿ ಅಮ್ಮ ರದ್ದಿಗೆ ಹಾಕಿದ ಕಾಮಿಕ್ಸ್ ಪುಸ್ತಕಗಳ ಸಂಕಟ ಅವರಿಗೆ ಇನ್ನೂ ಹೋಗಿಲ್ಲ. ಅಂಥವರು ವಾರಕ್ಕೊಮ್ಮೆ ಹರಾಜು ಕೂಗಿಕೊಂಡು, ಒಂದು ರೂಪಾಯಿ ಮುಖಬೆಲೆಯ ಪುಸ್ತಕಕ್ಕೆ ಸಾವಿರಗಟ್ಟಲೆ ಸುರಿಯುತ್ತಿದ್ದರು. ಹೆಂಡತಿಯರಿಗೆ ಹೇಳುತ್ತಿರಲಿಲ್ಲ.

ಮುರಳಿಮೋಹನ್ ಚಿಂತಾಮಣಿಯ ಒಂದು ಖಾಸಗಿ ಕಾಲೇಜಿನಲ್ಲಿ ಆಫೀಸ್ ಸೂಪರಿಂಟೆಂಡೆಂಟ್. ಅಲ್ಲಿ ಅಟೆಂಡರ್ ಕೂಡ ಅವನ ಮಾತು ಕೇಳುತ್ತಿರಲಿಲ್ಲ. ಗುಂಪಿನಲ್ಲಿ ಮಾತ್ರ ಅವನು ಹೇಳಿದ್ದೇ ಕಾಯಿದೆ. ಎರಡು ವರ್ಷದ ಹಿಂದೆ ಶಿಡ್ಲಘಟ್ಟದಲ್ಲಿ ರೇಷ್ಮೆ ಗೂಡಿನಿಂದ ನೂಲು ತೆಗೆಯುವ ರೀಲರ್ ಮೋಹನ್‌ಬಾಬು ಒಂದು ಪುಸ್ತಕದ ಬೆನ್ನಿಗೆ ಟೇಪು ಅಂಟಿಸಿದ್ದನ್ನು ಮುಚ್ಚಿಟ್ಟು ಮಾರಿ ಸಿಕ್ಕಿಬಿದ್ದಿದ್ದ. "ಗೂಡಿನ ಮಾರ್ಕೆಟ್ಟಲ್ಲಿ ದಿನಾ ಮೋಸ ಹೋಗಿ ಹೋಗಿ ನಂಗೂ ಅದೇ ಬುದ್ಧಿ ಬಂದ್ಬಿಡ್ತು ಸಾರ್, ಇದೊಂದ್ಸಲ ಬಿಟ್ಬಿಡಿ" ಎಂದು ಅಂಗಲಾಚಿದ. ಮುರಳಿಮೋಹನ್ ಬಿಡಲಿಲ್ಲ. ನಂಬಿಕೆಯ ಬಗ್ಗೆ ಒಂದು ಪುಟ ಉಪದೇಶ ಬರೆದು, ಎಲ್ಲರೂ ಓದಿದ ಮೇಲೆ ಅವನನ್ನು ಗುಂಪಿನಿಂದ ತೆಗೆದುಹಾಕಿದ. ಆ ಉಪದೇಶಕ್ಕೆ ನೂರೆಂಟು ಜನ ಕೈಮುಗಿದಿದ್ದರು. ಅವನು ಎಣಿಸಿದ್ದ.

ಇಂಥ ಮುರಳಿಮೋಹನನ ಪ್ರಾಣ ಇದ್ದದ್ದು 'ಗಾರ್ಡ್ ಗಂಗಣ್ಣ'ನಲ್ಲಿ. ಎಪ್ಪತ್ತರ ದಶಕದ ಕೊನೆಯಲ್ಲಿ ಚಿಕ್ಕಬಳ್ಳಾಪುರದ ಒಂದು ಸಣ್ಣ ಪ್ರೆಸ್ಸಿನವರು ತಂದ ಚಿತ್ರಕತೆ ಅದು. ಇಪ್ಪತ್ತನಾಲ್ಕು ಸಂಚಿಕೆ ಬಂದು ನಿಂತುಹೋಯಿತು. ನ್ಯಾರೋಗೇಜ್ ರೈಲಿನ ಗಾರ್ಡ್ ಗಂಗಣ್ಣ, ಒಂದು ಕೈಯಲ್ಲಿ ಹಸಿರು ಬಾವುಟ, ಒಂದು ಕೈಯಲ್ಲಿ ಕೆಂಪು ಬಾವುಟ ಹಿಡಿದು, ದ್ರಾಕ್ಷಿ ಬುಟ್ಟಿ ಕದಿಯುವವರಿಂದ ಹಿಡಿದು ವಿಗ್ರಹ ಕದಿಯುವವರ ತನಕ ಎಲ್ಲರನ್ನೂ ಅಟ್ಟಾಡಿಸಿ ಹಿಡಿಯುತ್ತಿದ್ದ. ಮುರಳಿಮೋಹನನ ಬಳಿ ಎರಡರಿಂದ ಇಪ್ಪತ್ತನಾಲ್ಕರ ತನಕ ಎಲ್ಲ ಸಂಚಿಕೆಗಳೂ ಇದ್ದವು. ಒಂದನೆಯದು ಇರಲಿಲ್ಲ. ಅದೊಂದು ಪ್ರತಿ ಮುಂದಿನ ತಿಂಗಳು ಬೆಂಗಳೂರಿನಲ್ಲಿ ಹರಾಜಿಗೆ ಬರುತ್ತದೆ, ಐವತ್ತು ಸಾವಿರ ದಾಟುತ್ತದೆ ಎಂಬ ಸುದ್ದಿ ಕೇಳಿದಾಗಿನಿಂದ ಅವನಿಗೆ ಊಟ ರುಚಿಸುತ್ತಿರಲಿಲ್ಲ.

ಗಂಗಣ್ಣನನ್ನು ಬರೆದವರು ಗೌರಿಬಿದನೂರಿನ ಚೆನ್ನರಾಯಪ್ಪ, ಹೈಸ್ಕೂಲಿನ ಡ್ರಾಯಿಂಗ್ ಮೇಷ್ಟ್ರು. ಮೂರು ವರ್ಷದ ಹಿಂದೆ ಮುರಳಿಮೋಹನ್ ವಿಳಾಸ ಹುಡುಕಿಕೊಂಡು ಹೋಗಿ, ಎಪ್ಪತ್ತೈದು ದಾಟಿದ ಆ ಮನುಷ್ಯನ ಕಾಲಿಗೆ ಬಿದ್ದಿದ್ದ. ಮೇಷ್ಟ್ರು ನಾಚಿಕೊಂಡು, ಅಟ್ಟದ ಮೇಲಿನ ಟ್ರಂಕಿನಿಂದ ಒಂದು ಮೂಲ ಚಿತ್ರದ ಹಾಳೆ ತೆಗೆದು ಕೊಟ್ಟಿದ್ದರು. ಏಳನೇ ಸಂಚಿಕೆಯ ಕೊನೆಯ ಪುಟ. ನಂದಿ ಹಾಲ್ಟಿನಲ್ಲಿ ಹೊರಟ ರೈಲಿಗೆ ಜೋತುಬಿದ್ದ ಗಂಗಣ್ಣ, ಕೈಯಲ್ಲಿ ಲಾಟೀನು. "ಇಲ್ಲಿದ್ರೆ ಇಲಿ ತಿಂತವೆ. ನಿನ್ ಹತ್ರ ಇದ್ರೆ ನಾನು ಸತ್ ಮೇಲೂ ಇರುತ್ತೆ, ತಗೋಪ್ಪ" ಅಂದಿದ್ದರು. ಮೇಷ್ಟ್ರ ಹೆಂಡತಿ ಲಕ್ಷ್ಮೀನರಸಮ್ಮ ಅವನಿಗೆ ಮುದ್ದೆ ಊಟ ಹಾಕಿ, ಹೊರಡುವಾಗ ಬ್ಯಾಗಿನ ತುಂಬ ನುಗ್ಗೆಕಾಯಿ ತುಂಬಿದ್ದರು. ಅಲ್ಲಿಂದ ವರ್ಷಕ್ಕೆರಡು ಸಲ ಹೋಗಿಬರುತ್ತಿದ್ದ. ಯಾವತ್ತೂ ಬರಿಗೈಯಲ್ಲಿ ಬಂದವನಲ್ಲ.

ಆ ಸೋಮವಾರ ಬೆಳಿಗ್ಗೆ ಹನ್ನೊಂದಕ್ಕೆ ಮೇಷ್ಟ್ರ ಮಗ ಕನಕರಾಜ್‌ನಿಂದ ಮೆಸೇಜು ಬಂತು. 'ನಮ್ಮ ತಂದೆ ಚೆನ್ನರಾಯಪ್ಪನವರು ತೀರಿಕೊಂಡರು. ಕಾರ್ಯ ಮುಗಿದಿದೆ. ಯಾರೂ ಬರುವುದು ಬೇಡ.'

ನಮ್ಮ ಕಡೆ ಸಾವಿಗೆ ಬರಬೇಡಿ ಅನ್ನುವವರು ಯಾರಿದ್ದಾರೆ? ಅನುಮಾನ ಬರಬೇಕಿತ್ತು. ಬರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳುವುದಾದರೆ, ಅವನ ಕಣ್ಣಿನ ಮುಂದೆ ಮೊದಲು ಬಂದದ್ದು ಮೇಷ್ಟ್ರ ಮುಖವಲ್ಲ, ಮನೆಯ ಬೀರುವಿನ ಮೇಲರೆ. ಬದುಕಿರುವ ಕಲಾವಿದನ ಪುಟಕ್ಕೆ ಐದಾರು ಸಾವಿರ ಬಂದರೆ ಹೆಚ್ಚು. ಸತ್ತವನ ಪುಟದ ಲೆಕ್ಕವೇ ಬೇರೆ, ಅವನು ಇನ್ನೊಂದು ಗೆರೆ ಎಳೆಯುವುದಿಲ್ಲವಲ್ಲ. ಇದನ್ನು ಯೋಚಿಸಿದ ಮೇಲೆ, ಎರಡನೆಯದಾಗಿ, ಅವನಿಗೆ ಅಯ್ಯೋ ಅನ್ನಿಸಿತು.

ಮಧ್ಯಾಹ್ನ ಊಟಕ್ಕೆ ಮನೆಗೆ ಹೋದವನು ಹೆಂಡತಿ ಹರಿತಾಗೆ ಸುದ್ದಿ ಹೇಳಿದ. ಅವಳು ಸಾರಿನ ಸೌಟು ಹಿಡಿದವಳು ಹಾಗೇ ನಿಂತಳು. "ಹೋಗ್ಬರಲ್ವಾ?"

"ಬರೋದ್ ಬೇಡ ಅಂದವ್ರೆ. ಪರೀಕ್ಷೆ ಫೀಸಿಗೆ ಇವತ್ತು ಲಾಸ್ಟ್ ಡೇಟ್ ಬೇರೆ" ಎನ್ನುತ್ತ ಅವನು ಬೀರು ತೆರೆದು, ಹಾಳೆಯನ್ನು ಕಿಟಕಿಯ ಬೆಳಕಿಗೆ ಇಟ್ಟು ಫೋಟೊ ತೆಗೆದ. ಎರಡು ಗಂಟೆಗೆ ಗುಂಪಿನಲ್ಲಿ ಹಾಕಿದ. 'ದಿವಂಗತ ಚೆನ್ನರಾಯಪ್ಪನವರ ಕೈಯ ಮೂಲ ಚಿತ್ರ. ಭಾರವಾದ ಹೃದಯದಿಂದ ಹರಾಜಿಗಿಡುತ್ತಿದ್ದೇನೆ. ಗುರುವಾರ ಸಂಜೆ ಆರಕ್ಕೆ ಮುಕ್ತಾಯ.'

ಓಂ ಶಾಂತಿಗಳು ಬಂದವು, ಕಣ್ಣೀರಿನ ಗೊಂಬೆಗಳು ಬಂದವು, ಯಾರೋ ಮೇಷ್ಟ್ರ ಹಳೇ ಫೋಟೊಗೆ ಹಾರ ಹಾಕಿ ದೀಪ ಹಚ್ಚಿದರು. ಜೊತೆಜೊತೆಗೆ ಕೂಗು ಏರಿತು. ಸಂಜೆಗೆ ಹನ್ನೊಂದು ಸಾವಿರ.

ಮಂಗಳವಾರ ಬೆಳಿಗ್ಗೆ ಕನಕರಾಜ್ ಫೋನ್ ಮಾಡಿದ. "ಸಾರ್, ಬೈಬೇಡಿ. ಅಪ್ಪ ಚೆನ್ನಾಗವ್ರೆ."

ಮುರಳಿಮೋಹನ್ ಕುರ್ಚಿಯಿಂದ ಎದ್ದು ನಿಂತ.

"ಭಾನುವಾರ ಅಂಗಳದಾಗೆ ಬಿಸಿಲು ಕಾಯ್ತಾ ಕೂತಿದ್ರು ಸಾರ್. ಕಾಗೆ ಬಂದು ತಲೆ ಮುಟ್ಬಿಡ್ತು. ಅಮ್ಮ ಹಟ ಹಿಡಿದ್ಬಿಟ್ರು. ಒಂಬತ್ತು ಮನೆಯೋರು ಅಳಬೇಕು ಅಂತ ಅವರ ಲೆಕ್ಕ. ಎಂಟು ಮನೆ ನೆಂಟರದಾಯ್ತು. ಒಂಬತ್ತನೇದು ಯಾರು ಅಂದ್ರೆ, ಚಿಂತಾಮಣಿ ಮುರಳಿಗೆ ಕಳ್ಸು, ಅವನು ಅಳ್ತಾನೆ ಅಂದ್ರು. ಕ್ಷಮ್ಸಿ ಸಾರ್."

ಕಾಗೆ ತಲೆ ಮುಟ್ಟಿದರೆ ಆ ಮನುಷ್ಯನಿಗೆ ಗಂಡಾಂತರ. ಅವನು ಸತ್ತನೆಂದು ದೂರದವರಿಗೆ ಸುದ್ದಿ ಮುಟ್ಟಿಸಬೇಕು, ಅವರು ನಿಜವೆಂದು ನಂಬಿ ಅತ್ತುಬಿಡಬೇಕು. ಆಗ ಬಂದ ಸಾವು, ಇಲ್ಲಿ ನನ್ನ ಕೆಲಸ ಮುಗಿದಿದೆ ಎಂದು ವಾಪಸಾಗುತ್ತದೆ. ಮಾರನೆಯ ದಿನ ನಿಜ ಹೇಳಿ ಬೈಸಿಕೊಂಡರಾಯಿತು. ಹಿಂದೆ ಇದಕ್ಕೆ ಕಾರ್ಡು ಬರೆಯುತ್ತಿದ್ದರು, ಈಗ ವಾಟ್ಸಾಪು. ನಗುವವರು ನಗಲಿ. ಮುರಳಿಮೋಹನನ ಸ್ವಂತ ಅಜ್ಜಿಗೂ ಒಮ್ಮೆ ಹೀಗೆ ಮಾಡಿದ್ದರು, ಆಮೇಲೆ ಆಕೆ ಹದಿನಾಲ್ಕು ವರ್ಷ ಬದುಕಿದ್ದಳು.

"ಬಿಡಿ, ಬದುಕವ್ರಲ್ಲ, ಅಷ್ಟು ಸಾಕು" ಅಂದ ಮುರಳಿಮೋಹನ್. ಆ ಗಳಿಗೆಯಲ್ಲಿ ಅವನಿಗೆ ಸಂತೋಷ ಆದದ್ದು ನಿಜ. ಫೋನಿಟ್ಟು ಗುಂಪು ತೆರೆದು, 'ಸ್ನೇಹಿತರೇ, ಒಂದು ಸಂತೋಷದ ಸುದ್ದಿ' ಎಂದು ಬರೆಯಲು ಶುರುಮಾಡಿದ. ಅಷ್ಟರಲ್ಲಿ ಗುಂಪಿನಲ್ಲಿ ಹರಾಜಿನ ಹೊಸ ಕೂಗು ಬಂತು. ಇಪ್ಪತ್ತೆರಡು ಸಾವಿರ. ಅವನ ಹೆಬ್ಬೆರಳು ನಿಂತಿತು. ಸಂಜೆ ಹೇಳಿದರಾಯಿತು ಅಂದುಕೊಂಡು ಬರೆದದ್ದನ್ನು ಅಳಿಸಿದ. ಸಂಜೆ ಮೂವತ್ತಾಗಿತ್ತು. ಹರಾಜು ಮುಗಿಯಲಿ, ಆಮೇಲೆ ಹೇಳೋಣ, ಪುಟ ಅದೇ ಪುಟ ತಾನೇ ಅಂದುಕೊಂಡ. ಕಿವಿ ಬಿಸಿಯಾಗುತ್ತಿತ್ತು. ಯಾರೂ ನೋಡದಿದ್ದರೂ ನಾಚಿಕೆಗೆ ತನ್ನ ಜಾಗ ಗೊತ್ತು.

ಬುಧವಾರ ತನುಜ ಎಂಬ ಸದಸ್ಯೆ ಬರೆದರು. ಮೈಸೂರಿನಲ್ಲಿ ಹಲ್ಲಿನ ಡಾಕ್ಟರು. 'ಏಳು ವರ್ಷದವಳಿದ್ದಾಗ ಕಾಲಿಗೆ ಪ್ಲಾಸ್ಟರ್ ಹಾಕಿ ಮೂರು ತಿಂಗಳು ಮಲಗಿಸಿದ್ದರು. ಗಂಗಣ್ಣ ನನ್ನ ಮಂಚದ ಪಕ್ಕ ಇದ್ದ. ಇದನ್ನು ಬರೆದವರಿಗೆ ಒಂದು ಕಾಗದ ಬರೆಯಬೇಕು ಅಂತ ನಲವತ್ತು ವರ್ಷ ಅಂದುಕೊಂಡೆ, ಬರೆಯಲಿಲ್ಲ. ಇನ್ನು ಯಾರಿಗೆ ಬರೆಯಲಿ?'

ಇದಕ್ಕೆ ಉತ್ತರ ಮುರಳಿಮೋಹನನ ಹತ್ತಿರ ಇತ್ತು. ಮನೆ ನಂಬರ್ ಸಮೇತ ಇತ್ತು. ಅವನು ಎರಡು ಕೈ ಮುಗಿದ ಗೊಂಬೆ ಕಳಿಸಿ ಸುಮ್ಮನಾದ. ಗುರುವಾರ ಸಂಜೆ ಆರಕ್ಕೆ ಆ ಪುಟ ಅರವತ್ತೆರಡು ಸಾವಿರಕ್ಕೆ ತನುಜ ಅವರಿಗೇ ನಿಂತಿತು. ಬಳಗದಲ್ಲಿ ಅದುವರೆಗೆ ಅಷ್ಟಕ್ಕೆ ಯಾವುದೂ ಹೋಗಿರಲಿಲ್ಲ. ಎಲ್ಲರೂ ಅಭಿನಂದಿಸಿದರು. ಶುಕ್ರವಾರ ಹಣ ಬಂತು. ಈಗ ನಿಜ ಹೇಳುವುದು ಇನ್ನೂ ಕಷ್ಟವಾಯಿತು.

ಶುಕ್ರವಾರವೇ ಲಕ್ಷ್ಮೀನರಸಮ್ಮನ ಫೋನೂ ಬಂತು. "ನಾಳೆ ಶನಿವಾರ ಊಟಕ್ಕೆ ಬರ್ಬೇಕು ಕಣಪ್ಪ. ಅತ್ತೋರನ್ನ ಕರೆದು ಊಟ ಹಾಕೋದು ನಮ್ಮನೆ ಪದ್ಧತಿ. ಒಂಬತ್ತು ಮನೆಯೋರೂ ಬರ್ತಾರೆ. ನೀನಿಲ್ದೆ ಇದ್ರೆ ಆಯ್ತದಾ?"

ಹೋಗದಿದ್ದರೆ ಅನುಮಾನ ಬಂದೀತು ಎಂದು ಹೊರಟ. ಹಾಳೆಯನ್ನು ಎರಡು ರಟ್ಟಿನ ನಡುವೆ ಇಟ್ಟು ಪ್ಯಾಕ್ ಮಾಡಿ ಬ್ಯಾಗಿಗೆ ಹಾಕಿಕೊಂಡಿದ್ದ, ದಾರಿಯಲ್ಲಿ ಚಿಕ್ಕಬಳ್ಳಾಪುರದಲ್ಲಿ ಕೊರಿಯರ್ ಮಾಡುವುದೆಂದು. ಬಸ್ಸು ಶಿಡ್ಲಘಟ್ಟ ದಾಟುವಾಗ ಮೋಹನ್‌ಬಾಬು ನೆನಪಾದ. ಮುರಳಿಮೋಹನ್ ಕಿಟಕಿಯಿಂದ ಮುಖ ಈಚೆಗೆ ತಿರುಗಿಸಿಕೊಂಡ. ಚಿಕ್ಕಬಳ್ಳಾಪುರದಲ್ಲಿ ಕೊರಿಯರ್ ಅಂಗಡಿಯವನು ಶಟರ್ ಅರ್ಧ ಎತ್ತಿ, "ಮಧ್ಯಾಹ್ನದ್ ಮೇಲೆ ಬನ್ನಿ ಸಾರ್" ಎಂದ. ಹೀಗಾಗಿ ಪುಟ ಅವನ ಜೊತೆಯಲ್ಲೇ ಗೌರಿಬಿದನೂರಿಗೆ ಬಂತು. ಬರೆದವರ ಮನೆಗೇ ಬಂತು.

ರೈಲ್ವೆ ಸ್ಟೇಷನ್ನಿನ ಹಿಂದಿನ ಬೀದಿಯಲ್ಲಿ ಮೇಷ್ಟ್ರ ಮನೆ, ಮುಂದೆ ನುಗ್ಗೆ ಮರ. ಲಕ್ಷ್ಮೀನರಸಮ್ಮ ಕಾಂಪೌಂಡಿನ ಮೇಲೆ ಎಳ್ಳನ್ನ ಇಟ್ಟು ಕಾಗೆಗಳನ್ನು ಕರೆಯುತ್ತಿದ್ದರು. ಒಳಗೆ ಹಿತಕಿದ ಅವರೆಬೇಳೆ ಸಾರಿನ ವಾಸನೆ, ಹತ್ತಿಪ್ಪತ್ತು ಜನರ ಗದ್ದಲ. ಮೇಷ್ಟ್ರು ಹೊಸ ಪಂಚೆ ಉಟ್ಟು ಹಾಲಿನ ಮಧ್ಯೆ ಮದುಮಗನಂತೆ ಕೂತಿದ್ದರು.

"ಬಾಪ್ಪ ಮುರಳಿ. ಸತ್ತೋನ ಮನೆಗೆ ಬರೋಕೆ ಐದು ದಿನ ತಗೊಂಡ್ಯಲ್ಲೋ" ಅಂದರು. ಎಲ್ಲರೂ ನಕ್ಕರು. ಅವನೂ ನಕ್ಕ. ನಕ್ಕದ್ದು ಅವನಿಗೇ ಕೇಳಿಸಲಿಲ್ಲ.

ಅಲ್ಲಿ ನಡೆಯುತ್ತಿದ್ದದ್ದು ಅತ್ತವರ ವರದಿ. ಯಾರು ಎಲ್ಲಿ ಹೇಗೆ ಅತ್ತರೆಂದು ಒಬ್ಬೊಬ್ಬರೂ ಹೇಳಬೇಕು, ಉಳಿದವರು ಗೇಲಿ ಮಾಡಬೇಕು. ಹಿಂದೂಪುರದಿಂದ ಬಂದಿದ್ದ ಮೇಷ್ಟ್ರ ಅಕ್ಕ ಆಂಜಿನಮ್ಮ, ಎಂಬತ್ತು ದಾಟಿದವರು, ಕೈ ಬೀಸಿ ಹೇಳಿದರು. "ನಾನು ಬಸ್‌ಸ್ಟ್ಯಾಂಡಾಗೆ ಕಣಪ್ಪ! 'ನಾ ತಮ್ಮುಡಾ' ಅಂತ ನೆಲಕ್ಕೆ ಬಿದ್ದು ಅತ್ತೆ. ಯಾರೋ ಪುಣ್ಯಾತ್ಮ ಸೋಡಾ ಕುಡ್ಸಿದ. ಬದುಕವ್ನೆ ಅಂತ ಗೊತ್ತಾದ್ ಮೇಲೆ ಈ ಮುಂಡೇದನ್ನ ನಾನೇ ಸಾಯ್ಸಣ ಅನ್ನಿಸ್ತು." ಒಬ್ಬ ಅಳಿಯ ಟ್ರ್ಯಾಕ್ಟರ್ ಓಡಿಸುತ್ತಲೇ ಅತ್ತಿದ್ದನಂತೆ, ಸಾಲು ತಪ್ಪಿ ಪಕ್ಕದವರ ಹೊಲವನ್ನೂ ಉತ್ತಿದ್ದನಂತೆ.

ಲಕ್ಷ್ಮೀನರಸಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಒಳಗೆ ಬಂದರು. "ನೀನು ಅತ್ಯೇನಪ್ಪ ಮುರಳಿ?"

ಹಾಲಿನಲ್ಲಿದ್ದವರೆಲ್ಲ ಅವನ ಕಡೆ ನೋಡಿದರು. "ಆಫೀಸಲ್ಲೇ ಕಣ್ಣಲ್ಲಿ ನೀರು ಬಂದ್ಬಿಡ್ತಮ್ಮ" ಅಂದ.

"ನನಗ್ಗೊತ್ತಿತ್ತು" ಅಂದರು ಆಕೆ, ತಮ್ಮ ಎಣಿಕೆ ಸರಿಹೋದ ಸಮಾಧಾನದಲ್ಲಿ. ಮುರಳಿಮೋಹನನಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಬಿಡಲಿಲ್ಲ. ಊಟಕ್ಕೆ ಎಲೆ ಹಾಕಿದರು.

ಅವನಿಗೆ ಎರಡು ಒಬ್ಬಟ್ಟು ಹೆಚ್ಚು ಬಿತ್ತು. ಪಕ್ಕದಲ್ಲೇ ಕೂತಿದ್ದ ಮೇಷ್ಟ್ರು ಕೇಳಿದರು. "ಅದ್ಯಾವ್ದೋ ಪುಟ ಹರಾಜಿಗೆ ಹಾಕಿದ್ಯಂತಲ್ಲ? ನಮ್ಮ ಚೈತ್ರನ ಫ್ರೆಂಡು ಅದ್ಯಾರೋ ಕಳಿಸಿದ್ಲಂತೆ, ಸೋಮವಾರದ್ದು. ಇವಳು ಕೂತ್ಕಂಡು ಒಂದೊಂದೂ ಓದಿ ಹೇಳಿದ್ಲು. ಏನ್ ಜನಾನಪ್ಪಾ! ನಾನು ನಲವತ್ತು ವರ್ಷ ಯಾರೂ ಓದ್ಲಿಲ್ಲ ಅಂದ್ಕಂಡಿದ್ದೆ."

ಚೈತ್ರ ಕನಕರಾಜನ ಮಗಳು, ಡಿಗ್ರಿ ಓದುವ ಹುಡುಗಿ. ಸಾರು ಬಡಿಸುತ್ತಿದ್ದಳು.

"ನಿಮಗೆ ಹೇಳ್ದೆ ಹಾಕ್ದೆ ಮೇಷ್ಟ್ರೇ..."

"ಕೊಟ್ ಮೇಲೆ ಅದು ನಿಂದು, ಹಾಕು. ಯಾವ್ ಪುಟ? ನಂದಿ ಹಾಲ್ಟಿಂದಾ? ಅದಕ್ಕೆ ಅವತ್ತು ಸಹಿ ಹಾಕೋದೇ ಮರ್ತಿದ್ದೆ. ಇದ್ರೆ ತಾ, ಈಗ ಹಾಕ್ತೀನಿ. ಸಹಿ ಇದ್ರೆ ರೇಟು ಬರುತ್ತಂತಲ್ಲ."

ಬದುಕಿರುವ ಕೈಯ ಸಹಿ, ಕೆಳಗೆ ಇವತ್ತಿನ ತಾರೀಕು. ಅದಕ್ಕಿಂತ ದೊಡ್ಡ ಕಲೆ ಆ ಹಾಳೆಗೆ ಇನ್ನೊಂದು ಇರಲಾರದು. "ಅದು ನಿನ್ನೇನೇ ಕೊರಿಯರ್ ಆಗೋಯ್ತು ಮೇಷ್ಟ್ರೇ" ಅಂದ. ಬ್ಯಾಗು ನಾಲ್ಕು ಮಾರು ದೂರದಲ್ಲಿ, ಹಾಲಿನ ಕಂಬಕ್ಕೆ ಒರಗಿತ್ತು.

"ಹೋಗ್ಲಿ ಬಿಡು" ಅಂದರು ಮೇಷ್ಟ್ರು. ಕೈ ತೊಳೆದು ಬಂದು ಕುರ್ಚಿಯಲ್ಲಿ ಕೂತ ಮೇಲೆ, ಮಗುವಿನಂತೆ ಮುಂದಕ್ಕೆ ಬಾಗಿ ಕೇಳಿದರು. "ಸತ್ತಾಗ ಏನಂದ್ರು ಅಂತ ಕೇಳಾಯ್ತು. ನಾನು ಬದುಕಿದೀನಿ ಅಂತ ಹೇಳಿದ್ಯಲ್ಲ, ಆಗ ಏನಂದ್ರು? ಅದನ್ನ ಓದಪ್ಪ. ನಂಗೆ ಕಣ್ಣು ಮಂಜು, ಇಲ್ದಿದ್ರೆ ನಾನೇ ಓದ್ತಿದ್ದೆ."

ಊಟ ಮುಗಿಸಿದವರೆಲ್ಲ ಸುತ್ತ ಬಂದು ಕೂತರು. ಮುರಳಿಮೋಹನ್ ಫೋನ್ ತೆಗೆದ. ಗುಂಪಿನಲ್ಲಿ ಇದ್ದದ್ದು ಗುರುವಾರದ ಅಭಿನಂದನೆಗಳು, ಅದರ ಮೇಲೆ ಹಾರ ಹಾಕಿದ ಮೇಷ್ಟ್ರ ಫೋಟೊ, ಉರಿಯುವ ದೀಪ. ಆ ದೀಪವನ್ನು ನೋಡುತ್ತ ಅವನು ಓದತೊಡಗಿದ. "'ತುಂಬಾ ಸಂತೋಷದ ಸುದ್ದಿ ಸರ್.' ಇದು ಹುಬ್ಬಳ್ಳಿಯವರದ್ದು. 'ಮೇಷ್ಟ್ರು ನೂರು ವರ್ಷ ಬಾಳಲಿ.' ಇದು..." ಊರಿನ ಹೆಸರು ಹೊಳೆಯಲಿಲ್ಲ. "ಇದು ಬೆಂಗ್ಳೂರಿಂದು."

"ಇನ್ನೊಂದ್ ಓದು."

"'ಗಂಗಣ್ಣನಿಗೆ ಸಾವಿಲ್ಲ.'"

ಮೇಷ್ಟ್ರು ಕಣ್ಣು ಮುಚ್ಚಿಕೊಂಡು ತಲೆದೂಗಿದರು. ಲೋಟದಲ್ಲಿ ಮಜ್ಜಿಗೆ ತಂದ ಚೈತ್ರ ಅವನ ಹೆಗಲ ಹಿಂದೆ ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ. ಅವನು ತಿರುಗಿ ನೋಡಿದಾಗ ಅವಳ ಕಣ್ಣು ಫೋನಿನ ಮೇಲಿತ್ತು. ಮಜ್ಜಿಗೆಯನ್ನು ಅವನ ಕೈಗೆ ಕೊಡದೆ ಕಿಟಕಿಯ ಮೇಲೆ ಇಟ್ಟು, ಗೋಡೆಗೆ ಒರಗಿ ನಿಂತಳು. ಬೈದಿದ್ದರೆ ಬದುಕಿಕೊಳ್ಳುತ್ತಿದ್ದ.

ಓಡಿಹೋಗಬೇಕು ಅನ್ನಿಸಿತು. "ಬರ್ತೀನಿ ಮೇಷ್ಟ್ರೇ, ಬಸ್ಸಿದೆ" ಎಂದು ಎದ್ದ.

"ಇರಪ್ಪ, ಬರಿ ಬ್ಯಾಗಲ್ಲಿ ಕಳಿಸ್ತೀನಾ?" ಲಕ್ಷ್ಮೀನರಸಮ್ಮನ ದನಿ. ಅವನು ತಿರುಗುವಷ್ಟರಲ್ಲಿ ಆಕೆ ಕಂಬದ ಹತ್ತಿರ ಕುಕ್ಕರುಗಾಲಿನಲ್ಲಿ ಕೂತು, ಬ್ಯಾಗಿನ ಜಿಪ್ಪು ಎಳೆದಾಗಿತ್ತು. ಪಕ್ಕದಲ್ಲಿ ಮೊರದ ತುಂಬ ಸೊಗಡಿನ ಅವರೆಕಾಯಿ. "ಇದ್ಯಾಕೋ ರಟ್ಟು ಅಡ್ಡ ಬತ್ತದೆ, ತೆಗ್ದು ಆಮೇಲೆ ಮೇಲಿಡ್ತೀನಿ" ಎಂದು ಆಕೆ ಪ್ಯಾಕೆಟ್ಟನ್ನು ಈಚೆಗೆ ತೆಗೆದರು. ಅದರ ಮೇಲೆ ದಪ್ಪಕ್ಷರದಲ್ಲಿ, ಅವನದೇ ಮುದ್ದಾದ ಕೈಬರಹದಲ್ಲಿ ಬರೆದಿತ್ತು: 'ಮೂಲ ಚಿತ್ರ. ಮಡಿಸಬಾರದು.'

ಓದು ಬಾರದ ಆಕೆ ಅದನ್ನು ಪಕ್ಕಕ್ಕೆ ಇಡುತ್ತಿದ್ದರೇನೋ. ಆದರೆ ಪ್ಯಾಕೆಟ್ಟಿನ ಪ್ಲಾಸ್ಟಿಕ್ಕಿನೊಳಗಿಂದ ಹಾಳೆಯ ಅಂಚು ಕಾಣುತ್ತಿತ್ತು, ಅಂಚಿನಲ್ಲಿ ಒಂದು ಲಾಟೀನು. ಗಂಡನ ಕೈಯ ಲಾಟೀನನ್ನು ಗುರುತು ಹಿಡಿಯಲು ಅಕ್ಷರ ಬೇಕಿಲ್ಲ. "ಏನ್ರೀ, ಇದು ನಿಮ್ದಲ್ವಾ?" ಅಂದರು.

ಮೇಷ್ಟ್ರು ಅದನ್ನು ಇಸಿದುಕೊಂಡು, ಹಾಳೆಯನ್ನು ಈಚೆಗೆಳೆದು ಕಿಟಕಿಯ ಬೆಳಕಿಗೆ ಹಿಡಿದು, ಆಪರೇಷನ್ ಆದ ಕಣ್ಣಿನ ಹತ್ತಿರ ತಂದು ನೋಡಿದರು. ಬಹಳ ಹೊತ್ತು ನೋಡಿದರು. "ಈ ಕೈ ಸರಿಯಾಗಿ ಬಂದಿಲ್ಲ" ಎಂದು ಗೊಣಗಿದರು. ಆಮೇಲೆ, "ಕೊರಿಯರ್ ಆಗೋಯ್ತು ಅಂದ್ಯಲ್ಲಪ್ಪ?"

"ವಾಪಸ್ ಬಂದಿರ್ಬೇಕು ಬಿಡಿ" ಅಂದರು ಲಕ್ಷ್ಮೀನರಸಮ್ಮ, ಅವನ ಮುಖ ನೋಡಿ ಗಾಬರಿಯಾಗಿ. "ಅಡ್ರೆಸ್ ಸಿಗ್ದಿದ್ರೆ ವಾಪಸ್ ಕಳಿಸ್ತಾರೆ. ಅಲ್ವೇನಪ್ಪ?"

ಅವನ ಪರವಾಗಿ ಆಕೆ ಸುಳ್ಳು ಹುಡುಕುತ್ತಿದ್ದರು. ಹೂಂ ಅಂದರೆ ಸಾಕಿತ್ತು. ಮುರಳಿಮೋಹನ್ ಚೈತ್ರಳ ಕಡೆ ನೋಡಿದ. ಅವಳು ನೆಲ ನೋಡುತ್ತಿದ್ದಳು, ತಪ್ಪು ತನ್ನದೇ ಎಂಬಂತೆ.

"ಇಲ್ಲಮ್ಮ" ಅಂದ. "ಕಳಿಸಿಲ್ಲ."

"ಅವರಿಗೆ ಹೇಳೂ ಇಲ್ಲ ಅಲ್ವಾ?" ಮೇಷ್ಟ್ರು ಕೇಳಿದರು. ದನಿ ಏರಲಿಲ್ಲ. "ನಾನು ಬದುಕಿರೋದು."

"ಇಲ್ಲ ಮೇಷ್ಟ್ರೇ."

"ಈಗ ಓದಿದ್ದು?"

"ನಾನೇ ಕಟ್ಟಿದ್ದು."

ಕಿವಿ ಕೇಳದ ಆಂಜಿನಮ್ಮ, "ಏಮಂಟ? ಏಮಂಟ?" ಏನಂತೆ ಹೇಳಿ ಎಂದು ಪಕ್ಕದವರನ್ನು ತಿವಿಯುತ್ತಿದ್ದರು.

"ಈಗ ಬರಿ" ಅಂದರು ಮೇಷ್ಟ್ರು.

ಅವನು ನಿಂತಲ್ಲೇ ಬರೆದ. ಆಗಲೂ ತಲೆ ತನ್ನ ಕೆಲಸ ಬಿಡಲಿಲ್ಲ. ಬರೆದು ಮುಗಿಸಿದ ಮೇಲೆ ಮೇಷ್ಟ್ರು, "ಓದು" ಅಂದರು, ತಕ್ಷಣ, "ನೀನ್ ಬೇಡ, ಚೈತ್ರ ಓದ್ಲಿ" ಅಂದರು. ಆ ತಿದ್ದುಪಡಿ ಕಪಾಳಕ್ಕೆ ಹೊಡೆದ ಹಾಗೆ ಬಿತ್ತು.

ಚೈತ್ರ ಫೋನ್ ಇಸಿದುಕೊಂಡು ಓದಿದಳು. "'ಸ್ನೇಹಿತರೇ, ಚೆನ್ನರಾಯಪ್ಪನವರು ಬದುಕಿದ್ದಾರೆ. ಈ ವಿಷಯ ನನಗೆ ಈಗಷ್ಟೇ ತಿಳಿಯಿತು.'" ಅವನ ಕಡೆ ತಿರುಗಿ ಕೇಳಿದಳು. "ಈಗಷ್ಟೇ ಅಂತ ಇದೆ ಅಂಕಲ್. ಕಳಿಸ್ಲಾ?"

ಇಷ್ಟೆಲ್ಲ ಆದ ಮೇಲೂ ತನ್ನ ಕೈ 'ಈಗಷ್ಟೇ' ಎಂದು ಬರೆಯಿತಲ್ಲ ಎಂಬುದು ಅವನಿಗೆ ಆಗ ಗೊತ್ತಾಯಿತು. ಎಲ್ಲಕ್ಕಿಂತ ಹೆಚ್ಚು ನಾಚಿಕೆಯಾದದ್ದು ಆಗ.

"ಬೇಡಮ್ಮ" ಅಂದ. "ಮಂಗಳವಾರ ಬೆಳಿಗ್ಗೆನೇ ಗೊತ್ತಿತ್ತು, ಹರಾಜಿಗೋಸ್ಕರ ಮುಚ್ಚಿಟ್ಟೆ ಅಂತ ಮಾಡು. ಡಾಕ್ಟರಮ್ಮನ ದುಡ್ಡು ಇವತ್ತೇ ವಾಪಸ್ ಹಾಕ್ತೀನಿ ಅಂತಾನೂ ಸೇರ್ಸು."

ಅವಳು ತಿದ್ದಿ ಕಳಿಸಿದಳು. ಆಮೇಲೆ ಒಬ್ಬ ಸದಸ್ಯ, ತನ್ನದೊಂದು ಮಾತೂ ಸೇರಿಸದೆ, ಗುಂಪಿನ ಮೊದಲನೆಯ ನಿಯಮವನ್ನು ತೆಗೆದು ಅಲ್ಲಿ ಅಂಟಿಸಿದ. ಕಲೆ ಇದ್ದರೆ ಕಲೆ ಅನ್ನಿ. ಅದರ ಕೆಳಗೆ ತನುಜ ಬರೆದರು. 'ಪುಟ ಬೇಡ. ಅವರ ಫೋನ್ ನಂಬರ್ ಕೊಡಿ.'

ಚೈತ್ರ ನಂಬರ್ ಕಳಿಸಿದಳು. ಮರುಗಳಿಗೆಯೇ ಕನಕರಾಜನ ಫೋನ್ ರಿಂಗಾಯಿತು. ಮೇಷ್ಟ್ರು ಅದನ್ನು ಕಿವಿಗೆ ಒತ್ತಿಕೊಂಡು ರೂಮಿಗೆ ಹೋದರು. "ಹೂನಮ್ಮ, ನಾನೇ... ಯಾವ ಕಾಲಮ್ಮ, ಬಲಗಾಲಾ?... ಈಗ ಚೆನ್ನಾಗಿ ನಡೀತೀಯಾ?" ಎಂದು ಕೇಳುತ್ತಿದ್ದದ್ದು, ನಡುನಡುವೆ ನಗುತ್ತಿದ್ದದ್ದು ಹಾಲಿಗೆ ಕೇಳಿಸುತ್ತಿತ್ತು. ನಲವತ್ತು ವರ್ಷ ಬರೆಯದ ಕಾಗದ ಅಲ್ಲಿ ಓದಿಸಿಕೊಳ್ಳುತ್ತಿತ್ತು. ಅದನ್ನು ಮೂರು ದಿನ ತಡೆದವನು ಹಾಲಿನಲ್ಲಿ ಚಪ್ಪಲಿ ಎಲ್ಲಿ ಬಿಟ್ಟೆ ಎಂದು ಹುಡುಕುತ್ತಿದ್ದ.

ಮೇಷ್ಟ್ರು ಈಚೆ ಬಂದವರು ಪುಟವನ್ನು ಕಂಕುಳಲ್ಲಿ ಇಟ್ಟುಕೊಂಡಿದ್ದರು. "ಇದಕ್ಕೆ ಸಹಿ ಹಾಕಿ ಆ ಡಾಕ್ಟರಮ್ಮನಿಗೆ ನಾನೇ ಕಳಿಸ್ತೀನಿ. ನೀನು ತೊಂದ್ರೆ ತಗೋಬೇಡ" ಅಂದರು. ಮತ್ತೆ ಬಾ ಅಂತ ಹೇಳಲಿಲ್ಲ.

ಲಕ್ಷ್ಮೀನರಸಮ್ಮ ಮಾತ್ರ ಬ್ಯಾಗನ್ನು ಅವರೆಕಾಯಿಯಿಂದ ತುಂಬಿ, ಜಿಪ್ಪು ಎಳೆದು, ಗೇಟಿನ ತನಕ ತಂದರು. ಕೊಡುವಾಗ ತಗ್ಗಿದ ದನಿಯಲ್ಲಿ ಕೇಳಿದರು. "ಒಂದ್ ಮಾತು ಹೇಳಪ್ಪ, ಬೇಜಾರ್ ಮಾಡ್ಕಬೇಡ. ಅವತ್ತು ನೀನು ಅತ್ತಿದ್ದು ನಿಜಾನಾ?"

ಬಾಯಿಗೆ ಬಂದ ಹೂಂ ಅನ್ನು ನುಂಗಿ, "ಇಲ್ಲಮ್ಮ" ಅಂದ.

ಆಕೆಗೆ ಸಿಟ್ಟು ಬರಲಿಲ್ಲ. ಮುಖದ ಮೇಲೆ ಬಂದದ್ದು ಭಯ. ಒಂದು ಸಲ ಮನೆಯ ಒಳಗೆ, ಗಂಡನ ದನಿ ಬರುತ್ತಿದ್ದ ಕಡೆ ನೋಡಿದರು. ಆಮೇಲೆ ಕಾಗೆಗಳು ಬಂದು ಕೂರುವ ನುಗ್ಗೆ ಮರದ ಕಡೆ ನೋಡಿದರು. "ಹಂಗಾದ್ರೆ ಎಂಟೇ ಆಯ್ತು" ಅಂದರು.

"ಆ ಡಾಕ್ಟರಮ್ಮ ಅತ್ತಿದಾರಮ್ಮ, ಗುಂಪಲ್ಲಿ ಎಷ್ಟೋ ಜನ..."

"ಅದು ಲೆಕ್ಕಕ್ಕೆ ಬರಲ್ಲ ಕಣಪ್ಪ. ನಾವು ನಮ್ಮೋರು ಅಂತ ಹೇಳಿ ಕಳಿಸಿದ ಮನೆಯೋರೇ ಅಳಬೇಕು." ಆಕೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು ನಿಂತರು. "ಹೋಗಿ ಬಾ. ಅವರೆಕಾಯಿ ಇವತ್ತೇ ಬಿಡಿಸ್ಬಿಡಿ, ಬಾಡ್ತದೆ."

ಬಸ್ಸು ಮಂಚೇನಹಳ್ಳಿ ದಾಟುವಾಗ ಮುರಳಿಮೋಹನನಿಗೆ ಅಳು ಬಂತು. ತೊಡೆಯ ಮೇಲಿನ ಬ್ಯಾಗಿನಿಂದ ಅವರೆಕಾಯಿಯ ಸೊಗಡು ಮೂಗಿಗೆ ಬಡಿಯುತ್ತಿತ್ತು. ಮುಂದಿನ ಸೀಟಿನ ಹೆಂಗಸು ತಿರುಗಿ, "ಯಾರಾದ್ರೂ ಹೋಗ್ಬಿಟ್ರಾ ಅಣ್ಣ?" ಎಂದು ಕೇಳಿದಳು. ಇಲ್ಲ ಎಂದು ತಲೆಯಾಡಿಸಿದ. ಸೋಮವಾರ ಇದರಲ್ಲಿ ಒಂದು ಹನಿ ಬಂದಿದ್ದರೂ ಆ ಮನೆಗೆ ಸಾಕಾಗುತ್ತಿತ್ತು. ಈಗ ಅವನು ಅಳುತ್ತಿದ್ದದ್ದು ತನಗಾಗಿ.